ಜಡ್ಜ್ ಅಕ್ಕನ ತಮ್ಮನಾಗಿರುವ ಕಷ್ಟ

ಮನೆಯಲ್ಲಿ ಒಬ್ಬರು ದೊಡ್ಡವರಾದರೆ ಉಳಿದವರಿಗೂ ಒಂದು ಕಾಯಿಲೆ ಹತ್ತಿಕೊಳ್ಳುತ್ತದೆ: ಏನೂ ಮಾಡದೆ ತಾವೂ ದೊಡ್ಡವರಾದೆವೆಂಬ ಭ್ರಮೆ. ಡಾಕ್ಟರರ ಹೆಂಡತಿ ಓಣಿಗೆಲ್ಲ ಗುಳಿಗೆ ಹೇಳುತ್ತಾಳೆ, ಪೊಲೀಸರ ಅಳಿಯ ಹೆಲ್ಮೆಟ್ ಹಾಕುವುದಿಲ್ಲ. ನನಗಂತೂ ಈ ಕಾಯಿಲೆ ಭಾಳ ಜೋರಾಗಿಯೇ ಹತ್ತಿತ್ತು. ನನ್ನ ಅಕ್ಕ ಶಾಂತಕ್ಕ ದೂರದ ಜಿಲ್ಲೆಯೊಂದರ ಜಿಲ್ಲಾ ನ್ಯಾಯಾಧೀಶೆ. ನಾನು ಕೊಪ್ಪಳದಲ್ಲಿ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವನು. ಅವಳು ತೀರ್ಪು ಬರೆಯುತ್ತಾಳೆ, ನಾನು ತೀರ್ಪುಗಳ ನಕಲು ತೆಗೆಯುತ್ತೇನೆ. ಇಬ್ಬರೂ ನ್ಯಾಯಾಂಗದಲ್ಲೇ ಇದ್ದೇವೆಂದು ಬೀಗರ ಮುಂದೆ ಹೇಳಿಕೊಂಡದ್ದುಂಟು.

ಶಾಂತಕ್ಕ ಹುಟ್ಟಿದ್ದು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ. ಕಾನೂನು ಓದಿ ಗಂಗಾವತಿಯಲ್ಲಿ ವಕೀಲಿಕೆ ಹಿಡಿದಾಗ ಕಕ್ಷಿದಾರರೆಲ್ಲ ಅವಳನ್ನು ವಕೀಲರ ಆಫೀಸಿನ ಕಸ ಗುಡಿಸುವವಳೆಂದೋ, ಟೈಪ್ ಮಾಡುವವಳೆಂದೋ ತಿಳಿಯುತ್ತಿದ್ದರು. ಒಬ್ಬ ಮುದುಕ ಬಂದು, “ವಕೀಲ್ರು ಎಲ್ಲಿ ಹೋಗ್ಯಾರವ್ವಾ?” ಎಂದು ಕೇಳಿದ. “ನಾನ ವಕೀಲ್ರಿ, ಯಜ್ಜಾ,” ಅಂದಳು. ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿ, “ಆತು, ಸಾಹೇಬ್ರು ಬರೂತನ ಕುಂದರ್ತೀನಿ,” ಎಂದು ಕೂತೇಬಿಟ್ಟ. ಅಂದೇ ಮಧ್ಯಾಹ್ನ ಅವಳು ವಾದ ಮಾಡಿ ಅವನ ಮಗನಿಗೆ ಜಾಮೀನು ಕೊಡಿಸಿದಳು. ಮುದುಕ ಹೊರಗೆ ಬಂದು, “ಸಾಹೇಬ್ರು ಬರಲೇ ಇಲ್ಲಲ್ಲವ್ವಾ. ಆದ್ರೂ ಕೆಲಸ ಆತು ನೋಡು,” ಎಂದನಂತೆ.

ಜಡ್ಜ್ ಹುದ್ದೆಯ ಸಂದರ್ಶನಕ್ಕೆ ಹೋದಾಗ ಊರಿನ ಹೆಸರು ಕೇಳಿದ ಹಿರಿಯರೊಬ್ಬರು, “ಮಂಗಳೂರಿನವರು ಅಂದಮೇಲೆ ಮೀನು ಚೆನ್ನಾಗಿ ಗೊತ್ತಿರಬೇಕು,” ಅಂದರಂತೆ. ಅಕ್ಕ ಕೂತಲ್ಲಿಂದಲೇ, “ನಮ್ಮ ಮಂಗಳೂರಾಗ ಸಮುದ್ರ ಇಲ್ರಿ ಸರ್. ಎಮ್ಮಿ ಮೈ ತೊಳಿಯೋ ಕೆರಿ ಐತ್ರಿ,” ಅಂದಳು. ಕೆಲಸ ಸಿಕ್ಕಿತು. ಅವಳ ಕಾನೂನು ಜ್ಞಾನಕ್ಕೆ ಸಿಕ್ಕಿತೋ, ನಮ್ಮ ಎಮ್ಮೆಗಳಿಗೆ ಸಿಕ್ಕಿತೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಮುಂದೆ ಊರೂರು ತಿರುಗಿ ಮೇಲೇರಿದಳು. ಜಡ್ಜರನ್ನು ಸ್ವಂತ ಜಿಲ್ಲೆಗೆ ಹಾಕುವುದಿಲ್ಲ. “ಊರ ಮಂದಿಗೆ ಅಂಜಿ ಅಲ್ಲೋ ಪ್ರಕಾಶ, ನಿನ್ನಂಥಾ ತಮ್ಮಂದಿರಿಗೆ ಅಂಜಿ ಹಿಂಗ ಮಾಡ್ಯಾರ,” ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ದಿನ ಹಿಟ್ನಾಳದ ಶರಣಪ್ಪ ಎಂಬ ಹಿರಿಯರು ಮಗಳು ರೇಣುಕಾಳನ್ನು ಕರೆದುಕೊಂಡು ಕಾಗದದ ಕಟ್ಟು ನಕಲು ಮಾಡಿಸಲು ಬಂದರು. ರೇಣುಕಾಳನ್ನು ಗಂಡನ ಮನೆಯವರು ಹೊರಗೆ ಹಾಕಿ, ನಾಲ್ಕು ವರ್ಷದ ಹೆಣ್ಣುಕೂಸನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಕೂಸು ಬೇಕೆಂದು ಅವಳು ಗಂಡನ ಮನೆಯಿರುವ ದೂರದ ಜಿಲ್ಲೆಯ ಕೋರ್ಟಿಗೆ ಹೋಗಿದ್ದಳು. ನಕಲು ತೆಗೆಯುತ್ತ ತಲೆಬರಹ ಓದಿದೆ. “ಅಯ್ಯ, ಇದು ನಮ್ಮಕ್ಕನ ಕೋರ್ಟು!” ಎಂದು ಬಾಯಿ ಬಿಟ್ಟೆ.

ಶರಣಪ್ಪ ಥಟ್ಟನೆ ಎದ್ದು ಕೈಮುಗಿದರು. “ಸಾಹೇಬ್ರ, ನೀವು ಒಂದ ಮಾತು ಹೇಳ್ರಿ.”

ಸಾಹೇಬ್ರ! ಝೆರಾಕ್ಸಿನ ಕಪ್ಪು ಪುಡಿ ಮೆತ್ತಿದ ಬನಿಯನ್ನಿನಲ್ಲಿ ನಿಂತ ನನಗೆ! “ನಾ ಹೇಳ್ತೀನಿ, ಬಿಡ್ರಿ,” ಅಂದೆ.

ರೇಣುಕಾ ಮಾತ್ರ ತಲೆ ಎತ್ತಿ, “ಏನೂ ಹೇಳಬ್ಯಾಡ್ರಿ. ವಾದ ಮುಗದಾವ. ಬರೂ ವಾರ ತೀರ್ಪು ಐತಿ,” ಅಂದಳು. ಸಾಹೇಬರಾದವರು ಇಂಥ ಸಣ್ಣ ಮಾತುಗಳನ್ನು ಕಿವಿಗೆ ಹಾಕಿಕೊಳ್ಳುತ್ತಾರೆಯೇ?

ಸಂಜೆ ಫೋನ್ ಮಾಡಿದೆ. ಆರೋಗ್ಯ ವಿಚಾರಿಸಿ, ಮಳೆ ವಿಚಾರಿಸಿ, “ಅಕ್ಕಾ, ನಿನ್ನ ಕಡೆ ಹಿಟ್ನಾಳದ ಹುಡುಗೀದು ಕೂಸಿನ ಕೇಸು ಐತಲ್ಲ, ಪಾಪ ಛಲೋ ಮಂದಿ,” ಅಂದೆ. ನೆಟ್‌ವರ್ಕ್ ಹೋಯಿತೆಂದು ಹಲೋ ಹಲೋ ಎಂದು ಕೂಗಿದೆ.

“ನೀ ಏನು ಮಾಡಿದಿ ಗೊತ್ತೈತೇನು?” ಎಂದಳು. ಫೋನ್ ಇಟ್ಟುಬಿಟ್ಟಳು.

ಮರುದಿನ ಅಕ್ಕ ತುಂಬಿದ ಕೋರ್ಟಿನಲ್ಲಿ ಎರಡೂ ಕಡೆಯ ವಕೀಲರನ್ನು ಕರೆಸಿ, ಈ ಕೇಸಿನ ಬಗ್ಗೆ ತನ್ನ ತಮ್ಮ ತನ್ನೊಡನೆ ಮಾತಾಡಿದ್ದಾನೆ, ಆದ್ದರಿಂದ ಈ ತೀರ್ಪು ತಾನು ಕೊಡುವುದಿಲ್ಲ ಎಂದು ಹೇಳಿ, ಅದನ್ನೇ ಬರೆಸಿ, ಕೇಸನ್ನು ಇನ್ನೊಬ್ಬ ಜಡ್ಜರಿಗೆ ವರ್ಗಾಯಿಸಿದಳು. ವಾದ ಮತ್ತೆ ಮೊದಲಿನಿಂದ ಆಗಬೇಕಿತ್ತು. ಸಂಜೆ ಅವಳೇ ಫೋನ್ ಮಾಡಿದಳು.

“ತೀರ್ಪು ಬರದಿಟ್ಟಿದ್ದೆ, ಹರದು ಹಾಕೀನಿ. ಯಾರ ಕಡೆ ಇತ್ತು ಅಂತ ಕೇಳಬ್ಯಾಡ. ಇಷ್ಟು ವರ್ಷದಾಗ ನನಗ ಇಂಥಾ ಮಾತು ಹೇಳೂ ಧೈರ್ಯ ಯಾರೂ ಮಾಡಿದ್ದಿಲ್ಲೋ. ಮೊದಲನೇದಾಂವ ನೀನ. ಆ ಹುಡುಗಿ ಮನಿಗೆ ಹೋಗಿ ನೀನ ಹೇಳು.”

ಹಿಟ್ನಾಳ ಹತ್ತಿರದ ಊರು. ಅಂದು ಬಸ್ಸು ಇನ್ನೂ ಬೇಗ ಮುಟ್ಟಿಸಿತು. ರೇಣುಕಾ ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದಳು. ಅದರಲ್ಲಿ ಎರಡು ಸಣ್ಣ ಫ್ರಾಕುಗಳಿದ್ದವು. ಕೂಸಿಲ್ಲದ ಮನೆಯಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ನಾನು ತೊದಲುತ್ತ ಎಲ್ಲ ಹೇಳಿದೆ.

“ನಾ ಬ್ಯಾಡ ಅಂದಿದ್ದೆ,” ಅಂದಳು. ಆಮೇಲೆ, “ಇನ್ನ ಎಷ್ಟು ದಿನ ಹಿಡೀತೈತ್ರಿ?”

“ಗೊತ್ತಿಲ್ಲವ್ವಾ.”

“ಗೊತ್ತಿಲ್ಲದಾವ್ರು ಸುಮ್ಮನಿರಬೇಕ್ರಿ.”

ಆದರೂ ಅಪ್ಪ ಹೇಳಿದ್ದಕ್ಕೆ ಚಹಾ ಮಾಡಿಕೊಟ್ಟಳು. ಅಷ್ಟು ಕಷ್ಟಪಟ್ಟು ನಾನು ಯಾವ ಕಷಾಯವನ್ನೂ ಕುಡಿದಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಅಕ್ಕ ನನ್ನ ಹೆಂಡತಿಗೆ ಮಾತ್ರ ಫೋನ್ ಮಾಡಿದಳು. ಕೊನೆಗೆ ಒಂದು ಮುಂಜಾನೆ ಶರಣಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಪೇಢೆ ಡಬ್ಬಿ ಹಿಡಿದು ಅಂಗಡಿಗೆ ಬಂದರು. ಹೊಸ ಜಡ್ಜರು ಕೂಸನ್ನು ತಾಯಿಗೆ ಕೊಟ್ಟಿದ್ದರು. ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಶರಣಪ್ಪ ಕೋರ್ಟಿನ ಗೇಟಿಗೆಲ್ಲ ಕೇಳುವಂತೆ, “ಜಡ್ಜ್‌ರನ್ನ ಬದಲ್ ಮಾಡಿಸಿ ಕೂಸು ಕೊಡಿಸಿದ ಪುಣ್ಯಾತ್ಮ ಇವ್ರ ನೋಡ್ರಿ!” ಎಂದು ಕೂಗಿದರು.

ಮರುದಿನದಿಂದ ಅಂಗಡಿ ಮುಂದೆ ಜನ. ಒಬ್ಬರ ಕೈಯಲ್ಲೂ ನಕಲು ಮಾಡಿಸುವ ಕಾಗದವಿಲ್ಲ. “ನನ್ನಿಂದ ಏನೂ ಆಗಿಲ್ರಿ, ಆ ಹುಡುಗಿಗೆ ನಾಕು ತಿಂಗಳು ತಡ ಆಗಿದ್ದಷ್ಟ ನನ್ನಿಂದ,” ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡಿ, “ದೊಡ್ಡವ್ರು ಹಂಗ ಹೇಳಬೇಕ್ರಿ,” ಅನ್ನುತ್ತಾರೆ.

ಮೊನ್ನೆ ಬುತ್ತಿ ತಂದ ನನ್ನ ಹೆಂಡತಿ ಇದನ್ನೆಲ್ಲ ನಿಂತು ನೋಡಿದಳು. ಜನ ಹೋದಮೇಲೆ, “ಇಲ್ಲ ಅಂತೀರಿ, ಛಲೋ. ಆದ್ರ ಇಲ್ಲ ಅನ್ನುವಾಗೆಲ್ಲ ಕೈ ಯಾಕ ಮೀಸಿ ಮ್ಯಾಲೆ ಹೋಗ್ತೈತಿ?” ಎಂದು ಕೇಳಿದಳು.

ಅಂದೇ ಹೋಗಿ ಮೀಸೆ ಬೋಳಿಸಿಕೊಂಡು ಬಂದೆ. ಕೈ ಈಗ ಬೋಳು ತುಟಿಯ ಮೇಲೆ ಹೋಗಿ ಬರುತ್ತದೆ.