ಅರ್ಧ ಲೋಟದ ಪ್ರೊಫೆಸರು

ಪ್ರೊಫೆಸರು ಜಿಪುಣರು. ದುಡ್ಡಿನಲ್ಲಿ ಅಲ್ಲ, ಗೊತ್ತಿರುವುದನ್ನು ಹೇಳುವುದರಲ್ಲಿ. ಎಂಜಲ ಕೈಯಲ್ಲಿ ಕಾಗೆ ಓಡಿಸದವರು ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿದ್ದೆಂದು ಅವರ ಹೆಂಡತಿಯ ಖಚಿತ ಅಭಿಪ್ರಾಯ. ಈಚೆಗೆ ಆ ಗುಣ ಅಡುಗೆಮನೆಗೂ ಹಬ್ಬಿತ್ತು. ಸಂಜೆಯ ಚಹಾ ಬಗ್ಗಿಸುವುದು ಅವರ ಸರದಿ; ಬಗ್ಗಿಸುತ್ತಿದ್ದುದು ಮಾತ್ರ ಅರ್ಧ ಲೋಟ. ಆ ಸಂಜೆ ಚಹಾದ ಮೇಜಿನ ಮೇಲೆ ಹೆಂಡತಿಯ ಲ್ಯಾಪ್‌ಟಾಪೂ ತೆರೆದಿತ್ತು.

ಹೆಂಡತಿ: ಎಲ್ಲ ಖಾನೆನೂ ಸರಿಯಾಗಿದೆ, ಇದೊಂದು ಬಿಟ್ಟು. ‘ಹನಿ ಹಾಕುವ ವಿಧಾನ.’ ಏನಂತ ತುಂಬಿದೀರಿ ನೋಡಿ. ‘ಹದವಾಗಿ.’

ಗಂಡ: ಹದವಾಗೇ ಹಾಕೋದು. ಸುಳ್ಳೇನಲ್ಲವಲ್ಲ.

ಹೆಂಡತಿ: ಇದು ಡೇಟಾಬೇಸು ಕಣ್ರೀ, ನಿಮ್ಮಜ್ಜಿ ಅಡುಗೆ ಅಲ್ಲ. ಹದ ಅಂದ್ರೆ ಹನಿ ಎಷ್ಟು ದೊಡ್ಡದು?

ಗಂಡ: ಗೊತ್ತಾಗತ್ತೆ.

ಹೆಂಡತಿ: ಯಾರಿಗೆ?

ಗಂಡ: ಹಾಕೋರಿಗೆ.

ಹೆಂಡತಿ: ಅಡ್ಡಗೋಡೆ ಮೇಲೆ ದೀಪ ಇಟ್ಟೂ ಇಟ್ಟೂ ಪ್ರೊಫೆಸರಾದ್ರಿ ಅಂತ ಕಾಣತ್ತೆ.

ಜಗಳಕ್ಕೆ ಕಾರಣವಿತ್ತು. ಕ್ಯಾನ್ಸರ್ ಔಷಧಕ್ಕಾಗಿ ನ್ಯಾನೊಕಣಗಳನ್ನು ತಯಾರಿಸುವ ಲ್ಯಾಬುಗಳು ತಮಗೆ ತಿಳಿದದ್ದನ್ನೆಲ್ಲ ಹಂಚಿಕೊಳ್ಳಲೆಂದು ಒಂದು ಆನ್‌ಲೈನ್ ಡೇಟಾಬೇಸ್ ಇದೆ. ಅದನ್ನು ನೋಡಿಕೊಳ್ಳುವವರು ಈ ಹೆಂಡತಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಓದಿ ಮಾಡಿ ನೋಡಬೇಕು, ಅದೇ ಅದರ ನಿಯಮ. ಗಂಡನ ಚಿನ್ನದ ಕಣವೂ ಅದರಲ್ಲಿದೆ. ಚಿನ್ನದ ದ್ರಾವಣವನ್ನು ಲೇಪದ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು ಮಾಡುವಂಥದು; ಕಣ್ಣಿಗೆ ಕಾಣದಷ್ಟು ಸಣ್ಣದು, ಔಷಧ ಹೊತ್ತುಕೊಂಡು ನೇರ ಗಡ್ಡೆಗೇ ಹೋಗುವಂಥದು. ಎಲ್ಲರೂ ಹೊಗಳಿದ್ದರು. ಆದರೆ ಇನ್ನೊಂದು ಲ್ಯಾಬಿನಲ್ಲಿ ಎಷ್ಟು ಮಾಡಿದರೂ ಅದು ಬರುತ್ತಿಲ್ಲ. ನಾಳೆ ಅದರ ಮುಂದೆ ‘ಬೇರೆಯವರಿಗೆ ಬಂದಿಲ್ಲ’ ಎಂಬ ಕೆಂಪು ಗುರುತು ಬೀಳಬೇಕು. ಬಿದ್ದರೆ ಯಾವ ಆಸ್ಪತ್ರೆಯೂ ಅದನ್ನು ಮುಟ್ಟುವುದಿಲ್ಲ. ಗುರುತು ಹಾಕಬೇಕಾದವರು ಹೆಂಡತಿ.

ಗಂಡ: ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.

ಹೆಂಡತಿ: ನೆಲಾನೇ ನೋಡೋಣ ಅಂದ್ರೆ ನೀವು ಬಾಗಿಲು ತೆಗೀಬೇಕಲ್ಲ! ಕಣ ಮಾಡೋವಾಗ ಒಳಗಿಂದ ಚಿಲಕ ಹಾಕ್ಕೋತೀರಂತೆ. ಕಿಟಕಿ ಗಾಜಿಗೂ ಕಾಗದ ಅಂಟಿಸಿದೀರಂತೆ.

ಗಂಡ: ಧೂಳು.

ಹೆಂಡತಿ: ಗಾಜು ತೂರ್ಕೊಂಡು ಬರತ್ತಾ ಧೂಳು?

ಗಂಡ: ಬೆಳಕೂ ಬೀಳಬಾರದು.

ಹೆಂಡತಿ: ಆಗಲೇ ಧೂಳು, ಈಗ ಬೆಳಕು. ಇನ್ನು ಸ್ವಲ್ಪ ಹೊತ್ತಿಗೆ ದೃಷ್ಟಿ ತಾಗತ್ತೆ ಅಂತೀರಿ.

ಗಂಡ: ನೋಡು, ಕೈಗುಣ ಅಂತ ಒಂದಿರತ್ತೆ.

ಹೆಂಡತಿ: ಹಾಕ್ತೀನಿ. ‘ಕೈಗುಣ.’ ಅಳತೆ? ಲೀಟರಾ, ಕೇಜಿಯಾ?

ಅಷ್ಟರಲ್ಲಿ ಹೆಂಡತಿಯ ಫೋನು ಬಡಿದುಕೊಂಡಿತು. ಆ ಇನ್ನೊಂದು ಲ್ಯಾಬಿನ ಸಂಶೋಧಕಿ. ಗಂಡ ಏಳಲು ನೋಡಿದರು. ಹೆಂಡತಿ ಅವರ ತೋಳು ಹಿಡಿದು ಕೂರಿಸಿ, ಫೋನನ್ನು ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

ಸಂಶೋಧಕಿ: ಇವತ್ತೂ ಹಾಳಾಯ್ತು ಮೇಡಂ. ಕಣ ಎಲ್ಲ ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ಗಸಿ ಕೂತಿದೆ.

ಗಂಡ: ಪಂಪಲ್ಲಿ ಹನಿ ಬಿಟ್ಟಿರ್ತೀಯ.

ಸಂಶೋಧಕಿ: ಓ, ಸರ್ ಇದೀರಾ! ಪಂಪಲ್ಲೂ ಬಿಟ್ಟೆ, ಕೈಯಲ್ಲೂ ಬಿಟ್ಟೆ.

ಗಂಡ: ಅವಸರ ಮಾಡಿರ್ತೀಯ.

ಸಂಶೋಧಕಿ: ಬೆಳಗ್ಗೆ ಕೂತರೆ ಊಟಕ್ಕೇ ಏಳೋದು ಸರ್. ಕೈ ಒಂಚೂರೂ ಅಲುಗಲ್ಲ. ನಮ್ಮ ಲ್ಯಾಬಲ್ಲಿ ನನಗೆ ‘ಬಂಡೆ’ ಅಂತಲೇ ಹೆಸರು.

ಗಂಡ: ಅದೇ ತಪ್ಪು ಕಣಮ್ಮಾ!

ಮಾತು ಬಾಯಿಂದ ಜಾರಿಬಿಟ್ಟಿತ್ತು. ಗಂಡ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿ ನೋಡತೊಡಗಿದರು.

ಸಂಶೋಧಕಿ: ಏನು ತಪ್ಪು ಸರ್?

ಗಂಡ: ಏನಿಲ್ಲ.

ಸಂಶೋಧಕಿ: ಹೇಳಿಬಿಡಿ ಸರ್. ನಾಳೆ ನಮ್ಮ ಆಸ್ಪತ್ರೆಯವರು ಬೇರೆ ಕಣ ಆರಿಸಿಬಿಡ್ತಾರೆ. ಅದು ಗಡ್ಡೆಗೆ ಹೋಗೋ ಬದಲು ಅರ್ಧಕ್ಕರ್ಧ ಲಿವರಲ್ಲೇ ಬೀಡುಬಿಡತ್ತೆ. ಅನುಭವಿಸೋರು ರೋಗಿಗಳು. ನನಗೆ ನಿಮ್ಮದೇ ಬೇಕಿತ್ತು.

ಗಂಡ ಅರ್ಧ ಲೋಟ ಚಹಾವನ್ನು ಎರಡು ಕೈಯಲ್ಲೂ ಹಿಡಿದು ಬಾಯಿಗೆ ಒಯ್ದರು. ಹೆಂಡತಿ ಆ ಲೋಟವನ್ನೇ ನೋಡಿದರು. ಸಹಿ ಮಾಡುವ ಬದಲು ಮೊಹರು ಒತ್ತಿಸುವುದು ಗಂಡನ ಈಚಿನ ಚಾಳಿ. ಅದನ್ನು ಆಕೆ ದೊಡ್ಡಸ್ತಿಕೆ ಎಂದಿದ್ದರು. ಗುಂಡಿ ಹಾಕುವುದೇ ಬೇಡವೆಂದು ಟೀ ಶರ್ಟಿಗೆ ಇಳಿದದ್ದು. ಅದನ್ನು ಮುದಿ ಶೋಕಿ ಎಂದಿದ್ದರು.

ಹೆಂಡತಿ: ಯಾವಾಗಿನಿಂದ?

ಗಂಡ: ಏನು ಯಾವಾಗಿನಿಂದ?

ಹೆಂಡತಿ: ಕೈ.

ಗಂಡ: ... ಕಣ ಸರಿಯಾಗಿ ಬರೋಕೆ ಶುರುವಾದಾಗಿನಿಂದ.

ಹೆಂಡತಿ: ಓಹೋ. ಕೈ ನಡುಗಿದ್ರೆ ಹನಿ ಒಡೆದು ಪುಡಿಪುಡಿಯಾಗಿ ಬೀಳತ್ತೆ. ಕಣ ಅಂಟಿಕೊಳ್ಳೋಕೆ ಮುಂಚೆ ಮೇಲೆ ಲೇಪ ಕೂತಿರತ್ತೆ.

ಗಂಡ: ಕೂತಿರತ್ತೆ.

ಹೆಂಡತಿ: ಇಷ್ಟು ಹೇಳೋಕೆ ಏನ್ರೀ ರೋಗ?

ಗಂಡ: ರೋಗ ಇದೆ ಅಂತ ತಾನೇ ಹೇಳದೇ ಇದ್ದಿದ್ದು! ಕೈ ನಡುಗೋನನ್ನ ಲ್ಯಾಬಲ್ಲಿ ಇಟ್ಕೋತಾರೇನೆ? ಹೂಗುಚ್ಛ ಕೊಟ್ಟು, ಎರಡು ಒಳ್ಳೆ ಮಾತಾಡಿ ಮನೆಗೆ ಕಳಿಸ್ತಾರೆ. ಮನೇಲಿ ನೀನಿರ್ತೀಯ.

ಸಂಶೋಧಕಿ: ಮೇಡಂ... ನಾನಿನ್ನೂ ಲೈನಲ್ಲೇ ಇದೀನಿ.

ಗಂಡ ಹೆಂಡಿರಿಬ್ಬರೂ ಫೋನಿನತ್ತ ಕಳ್ಳರಂತೆ ನೋಡಿದರು.

ಸಂಶೋಧಕಿ: ನಾನೇನೂ ಕೇಳಿಸಿಕೊಂಡಿಲ್ಲ ಸರ್. ಆದ್ರೆ ಪಂಪಿಗೊಂದು ಪುಟ್ಟ ಮೋಟಾರು ಕಟ್ಟಿದ್ರೆ ಅದೂ ನಡುಗತ್ತಲ್ವಾ? ಎಷ್ಟು ನಡುಗಬೇಕು ಅಂತ ಗೊತ್ತಾದ್ರೆ ಸಾಕು.

ಹೆಂಡತಿ: ನಾಳೆ ಮಾತಾಡೋಣಮ್ಮ.

ಫೋನಿಟ್ಟರು. ಆಮೇಲೆ ಆಕೆ ಅದುವರೆಗೆ ಯಾರಿಗಾಗಿಯೂ ಮಾಡಿರದ ಒಂದು ಕೆಲಸ ಮಾಡಿದರು. ಖಾನೆ ಸರಿಪಡಿಸದೆಯೇ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿದರು.

ಹೆಂಡತಿ: ‘ಹದವಾಗಿ’ ಅಂತಲೇ ಇರಲಿ ಬಿಡಿ. ಮೊದಲು ಡಾಕ್ಟರಿಗೆ ತೋರಿಸೋಣ. ಗುರುತು ಹಾಕೋದನ್ನ ನಾನು ಹೇಗೋ ಮುಂದಕ್ಕೆ ಹಾಕ್ತೀನಿ.

ಗಂಡ: ಮಾಹಿತಿ ಮುಚ್ಚಿಡು ಅಂತಿದೀಯಾ? ನೀನು?

ಹೆಂಡತಿ: ಮುಚ್ಚಿಡೋದಲ್ಲ. ಸ್ವಲ್ಪ ತಡ, ಅಷ್ಟೇ.

ಗಂಡ: ಅಡ್ಡಗೋಡೆ. ದೀಪ.

ಗಂಡ ಮುಚ್ಚಳ ಎತ್ತಿ ಒಂದು ಬೆರಳಲ್ಲಿ ಟೈಪು ಮಾಡತೊಡಗಿದರು. ಒಂದೊಂದು ಅಕ್ಷರ ಎರಡೆರಡು ಸಲ ಬಿತ್ತು. ಅಳಿಸಿ ಅಳಿಸಿ ಮತ್ತೆ ಬರೆದರು. ‘ಪ್ರಯೋಗ ಮಾಡಿದವನ ಕೈ ನಡುಗುತ್ತದೆ. ಅಳತೆಗೆ ವಿಡಿಯೊ ನೋಡಿ.’ ಕೆಳಗೆ ತಮ್ಮ ಪೂರ್ತಿ ಹೆಸರು.

ಹೆಂಡತಿ: ಯಾವ ವಿಡಿಯೊ?

ಗಂಡ ಕೆಟಲಿಗೆ ಕೈ ಹಾಕಿದರು. ಹೆಂಡತಿಯ ಲೋಟವನ್ನು ಎಳೆದುಕೊಂಡು, ಒಂದೇ ಕೈಯಲ್ಲಿ, ಅಂಚಿನವರೆಗೂ ಬಗ್ಗಿಸತೊಡಗಿದರು. ಚಹಾ ಲೋಟಕ್ಕೆ ಬಿದ್ದಷ್ಟೇ ಮೇಜಿಗೂ ಬಿತ್ತು.

ಗಂಡ: ನೋಡ್ತಾ ಕೂತ್ಯಲ್ಲ, ಫೋನು ತೆಗಿ ಬೇಗ. ಇವತ್ತು ಚೆನ್ನಾಗಿ ನಡುಗ್ತಿದೆ.