ಕಳ್ಳನಿಗೂ ಹೊಳೆಯದ ಉತ್ತರ

ಯಾವ ಕಳ್ಳನೂ ನನ್ನ ಹೆಸರು, ವಿಳಾಸ, ಹುಟ್ಟಿದ ದಿನವನ್ನು ಕದ್ದು ‘ನಾನೇ ಅವನು’ ಎಂದು ಮೆರೆಯಕೂಡದು ಎಂದು ನಾನು ಭೀಷ್ಮ ಪ್ರತಿಜ್ಞೆ ಮಾಡಿದ್ದೆ. ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ನನ್ನ ಕೆಲಸವೇ ಇನ್ನೊಬ್ಬರ ಸಹಿ ತಾಳೆ ನೋಡುವುದು. ಕನ್ನಡಿಯಲ್ಲಿ ನನ್ನ ಮುಖ ಕಂಡರೂ ಅಸಲಿಯೋ ನಕಲಿಯೋ ಎಂದು ಎರಡು ಸಲ ನೋಡುವವರ ಪೈಕಿ ನಾನು.

ಆನ್‌ಲೈನ್‌ನಲ್ಲಿ ತರಿಸಿದ ಪೆಟ್ಟಿಗೆಗಳ ಮೇಲಿನ ವಿಳಾಸದ ಚೀಟಿಯನ್ನು ಚೂರುಚೂರು ಮಾಡಿ, ಆ ಚೂರುಗಳನ್ನು ಬೇರೆ ಬೇರೆ ದಿನ ಕಸಕ್ಕೆ ಹಾಕುತ್ತಿದ್ದೆ. ಸಾಲದ್ದಕ್ಕೆ ಒಂದು ಭಾನುವಾರ ಬೀದಿಯವರನ್ನೆಲ್ಲ ನಮ್ಮ ಹಜಾರದಲ್ಲಿ ಕೂರಿಸಿ ಭಾಷಣವನ್ನೂ ಬಿಗಿದೆ. “ಗುರುತಿಲ್ಲದವರು ಬಂದು ಯಾರ ವಿಷಯ ಕೇಳಿದ್ರೂ ಗೊತ್ತಿಲ್ಲ ಅನ್ನಿ.” ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ನಮ್ಮ ಜೊತೆಗೇ ಇರುವ ಅತ್ತೆಯ ಕಿವಿಯ ಮಿಷನ್ ಕೆಟ್ಟಿತು. ಒಂಬತ್ತು ವರ್ಷದ ಮೇಲೆ ಅವರ ತಂಗಿ ದೂರದಿಂದ ಬರುವವರಿದ್ದರು, ಅದೂ ಶನಿವಾರ ಒಂದೇ ದಿನಕ್ಕೆ.

“ಅಷ್ಟರೊಳಗೆ ಹೊಸದು ಬರಬೇಕು. ನಾನೇ ತರಿಸ್ಲಾ?” ಎಂದಳು ಹೆಂಡತಿ.

“ನೀನಾ? ನಿನ್ನ ಪಾಸ್‌ವರ್ಡು ಮಗಳ ಹುಟ್ಟಿದ ದಿನ. ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗೆ. ಸುಮ್ನಿರು, ನಾನಿದ್ದೀನಿ.”

ಹೊಸ ಖಾತೆ ತೆರೆದೆ. ಹೆಸರು ಸುಳ್ಳು, ಹುಟ್ಟಿದ ದಿನವೂ ಸುಳ್ಳು. ಕೊನೆಗೊಂದು ಗುಟ್ಟಿನ ಪ್ರಶ್ನೆ: ‘ನಿಮಗೆ ಎಲ್ಲರಿಗಿಂತ ಪ್ರಿಯರಾದವರು ಯಾರು?’ ಅದಕ್ಕೂ ಕಳ್ಳನ ಅಪ್ಪನಿಗೂ ಹೊಳೆಯದಂಥ ಉತ್ತರ ಬರೆದು, ಎಲ್ಲೂ ಗುರುತು ಹಾಕಿಕೊಳ್ಳದೆ ಮೀಸೆ ತಿರುವಿದೆ.

ಶುಕ್ರವಾರ ಡೆಲಿವರಿಯವರು ಬಂದರು. “ಬೆಲೆಬಾಳೋ ಸಾಮಾನು ಸರ್. ಈ ಹೆಸರಿನ ಗುರುತಿನ ಚೀಟಿ ತೋರಿಸಿ.”

ತೋರಿಸಿದೆ. ಅವರು ಚೀಟಿಯನ್ನೂ ನನ್ನನ್ನೂ ನೋಡಿದರು. “ಇದರಲ್ಲಿ ಬೇರೆ ಹೆಸರಿದೆಯಲ್ಲ?”

“ಅದೂ ನಾನೇ, ಇದೂ ನಾನೇ. ಕಳ್ಳರಿಗೆ ಸಿಗಬಾರದು ಅಂತ ಹೆಸರು ಬದಲಾಯಿಸಿಕೊಂಡಿದ್ದೆ.”

“ನಾನು ಕೇಳಿದ ಮಟ್ಟಿಗೆ ಹೆಸರು ಬದಲಾಯಿಸಿಕೊಳ್ಳೋದು ಕಳ್ಳರು ಸರ್.”

ಸಾಕ್ಷಿಗೆಂದು ಮೇಷ್ಟ್ರನ್ನು ಕೂಗಿದೆ. ಡೆಲಿವರಿಯವರು ಕೇಳಿದರು, “ಈ ಹೆಸರಿನವರು ಇಲ್ಲಿದ್ದಾರಾ?”

“ಗೊತ್ತಿಲ್ಲ.”

“ಹೋಗ್ಲಿ, ಇವರು ಯಾರು?”

ಮೇಷ್ಟ್ರು ಇಪ್ಪತ್ತು ವರ್ಷದ ನೆರೆಯವನಾದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರೂ ಗೊತ್ತಿಲ್ಲ” ಎಂದರು. ಆಮೇಲೆ ಪಾಠ ಒಪ್ಪಿಸಿದ ಮಗುವಿನ ಹಾಗೆ ನನ್ನತ್ತ ಕಣ್ಣು ಮಿಟುಕಿಸಿದರು. ಪೆಟ್ಟಿಗೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಯಿತು.

ಸಹಾಯವಾಣಿಗೆ ಫೋನ್ ಮಾಡಿದೆ. ಹೆಂಡತಿ ಸ್ಪೀಕರ್ ಒತ್ತಿ ಪಕ್ಕದಲ್ಲೇ ಕೂತಳು.

“ಖಾತೆ ನಿಮ್ಮದೇ ಅಂತ ಗೊತ್ತಾಗಬೇಕು ಸರ್. ನಿಮಗೆ ಎಲ್ಲರಿಗಿಂತ ಪ್ರಿಯರಾದವರು ಯಾರು?” ಎಂದಿತು ಒಂದು ಹೆಣ್ಣು ದನಿ.

“ಹೆಂಡತಿ” ಎಂದೆ ಗಂಭೀರವಾಗಿ. ಹೆಂಡತಿಯ ಮುಖ ಅರಳಿತು.

“ತಪ್ಪು ಸರ್.”

“ಮಗಳು?”

“ತಪ್ಪು.”

“ಅಮ್ಮ?”

“ಮೂರೂ ತಪ್ಪು ಸರ್. ನಿಜವಾದ ಮಾಲೀಕರ ರಕ್ಷಣೆಗಾಗಿ ಖಾತೆಗೆ ಬೀಗ ಹಾಕಿದ್ದೀವಿ.”

“ನಿಜವಾದ ಮಾಲೀಕ ನಾನೇ ಕಣಮ್ಮ!”

“ಎಲ್ಲರೂ ಹೀಗೇ ಹೇಳ್ತಾರೆ ಸರ್.” ಫೋನ್ ಇಟ್ಟಳು.

ಹೆಂಡತಿ ಕೈಕಟ್ಟಿ ನಿಂತಳು. “ನಾನಲ್ಲ, ಮಗಳಲ್ಲ, ನಿಮ್ಮಮ್ಮನೂ ಅಲ್ಲ. ಹಾಗಾದ್ರೆ ಯಾರ್ರೀ ಅವಳು?”

ಆ ಕ್ಷಣವೇ ಉತ್ತರ ನೆನಪಾಯಿತು. ಬಾಯಿ ಬಿಡುವ ಧೈರ್ಯ ಬರಲಿಲ್ಲ. ಅವಳು ತನ್ನ ಫೋನಿನಲ್ಲಿ, ತನ್ನ ಹೆಸರಿನಲ್ಲಿ, ಎರಡೇ ನಿಮಿಷದಲ್ಲಿ ಇನ್ನೊಂದು ಮಿಷನ್ ತರಿಸಲು ಹಾಕಿದಳು. ಬರುವುದು ಸೋಮವಾರ.

ಶನಿವಾರ ಅತ್ತೆಯ ತಂಗಿ ಬಂದರು. ಒಂಬತ್ತು ವರ್ಷದ ಮಾತನ್ನೆಲ್ಲ ಸುರಿದರು. ಅತ್ತೆ ಅವರ ಕೈ ಹಿಡಿದುಕೊಂಡು, ತುಟಿಯನ್ನೇ ನೋಡುತ್ತ, ತಂಗಿ ನಕ್ಕಾಗ ನಕ್ಕು, ಅತ್ತಾಗ ಅತ್ತರು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ತಂಗಿ ಹೊರಟ ಮೇಲೆ ಅತ್ತೆಯ ಬಳಿ ಕೂತು ನಡೆದದ್ದನ್ನೆಲ್ಲ ಹೇಳಿ, “ತಪ್ಪಾಯ್ತು” ಎಂದೆ. ಒಂದಕ್ಷರವೂ ಕೇಳಿಸದ ಅವರು ನನ್ನ ಬೆನ್ನು ಸವರಿದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಸೋಮವಾರ ಮಿಷನ್ ಬಂತು. ಅತ್ತೆ ಕಿವಿಗೆ ಹಾಕಿಕೊಂಡು, ಮೊದಲು ತಂಗಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದರು. ಆಮೇಲೆ ನನ್ನತ್ತ ತಿರುಗಿದರು.

“ಮೊನ್ನೆ ಏನೋ ಹೇಳ್ತಿದ್ರಲ್ಲ ಅಳಿಯಂದಿರೇ, ಈಗ ಮೊದಲಿಂದ ಹೇಳಿ.”

ಹೇಳಿದೆ. ಬಚ್ಚಿಡಲು ಏನೂ ಉಳಿದಿರಲಿಲ್ಲ. ಹೆಂಡತಿ ಮೂರು ದಿನದಿಂದ ಕಾದಿಟ್ಟಿದ್ದ ಪ್ರಶ್ನೆಯನ್ನು ಮತ್ತೆ ಎಸೆದಳು. “ಆ ಪ್ರಿಯಳಾದವಳು ಯಾರು ಅಂತಾನೂ ಹೇಳಿಬಿಡಿ.”

ನಾನು ತಲೆ ತಗ್ಗಿಸಿ ಹೇಳಿದೆ, “ಅತ್ತೆ ಅಂತ ಬರೆದಿದ್ದೆ. ಯಾವ ಕಳ್ಳನೂ ಊಹಿಸಲಾರ ಅಂತ.”

ಅತ್ತೆ ಮಿಷನ್ನನ್ನು ಕಿವಿಯಲ್ಲಿ ಒಮ್ಮೆ ಸರಿಪಡಿಸಿಕೊಂಡರು.

“ಕಳ್ಳ ಹಾಳಾಗಿ ಹೋಗ್ಲಿ, ಬಿಡಿ. ಮೂರು ಸಲ ಕೇಳಿದ್ರೂ ನಿಮಗೇ ಹೊಳೀಲಿಲ್ವಲ್ಲ!”