ಏನೂ ಇಲ್ಲ ಅಂದರೆ ಒಪ್ಪದವರು

ಡಾಕ್ಟರ ಕೆಲಸದಲ್ಲಿ ತುಂಬಾ ಕಷ್ಟವಾದ ಮಾತು, "ನಿಮಗೆ ಏನೂ ಕಾಯಿಲೆಯಿಲ್ಲ" ಅನ್ನುವುದು. ಐವತ್ತರ ದಶಕದಲ್ಲಿ ಗುಬ್ಬಿಯಲ್ಲಿ ಕೆಲಸ ಶುರುಮಾಡಿ, ಆಮೇಲೆ ಕುಣಿಗಲ್, ಕೊನೆಗೆ ತುಮಕೂರು ಅಂತ ಸುತ್ತಿದ ನಾನು ಎಲ್ಲ ಕಡೆಯೂ ಈ ಮಾತು ಆಡಿ ಸಿಕ್ಕಿಹಾಕಿಕೊಂಡಿದ್ದೇನೆ. ಕಾಯಿಲೆ ಇದೆ ಅಂದರೆ ಜನ ತಲೆಯಾಡಿಸಿ ಹೋಗುತ್ತಾರೆ. ಇಲ್ಲ ಅಂದರೆ ಕೂತು ವಾದಕ್ಕಿಳಿಯುತ್ತಾರೆ.

ತಲೆಯ ಪಟ

ಗುಬ್ಬಿಯ ಆಸ್ಪತ್ರೆಗೆ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. "ತಲೆನೋವು ಸ್ವಾಮಿ. ತುಮಕೂರಿಗೆ ಬರ್ಕೊಡಿ, ತಲೆ ಪಟ ತೆಗೆಸ್ಬೇಕು" ಎಂದರು. ಪಟ ಅಂದರೆ ಎಕ್ಸರೇ. ವಿಚಾರಿಸಿದರೆ, ರಾಗಿ ಕುಯ್ಲಿನ ಭರದಲ್ಲಿ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನೀರಿಲ್ಲ, ದಿನವೆಲ್ಲ ಬಿಸಿಲು.

"ಚೆನ್ನಾಗಿ ಉಣ್ಣಿ ತಾಯಿ, ನೀರು ಕುಡೀರಿ, ನೋವು ಹೋಗುತ್ತೆ. ಪಟ ಬೇಡ. ತಲೇಲಿ ಏನೂ ಇಲ್ಲ" ಎಂದೆ.

ಅವರು ಅಲ್ಲಾಡಲಿಲ್ಲ. "ನಮ್ಮ ಯಜಮಾನ್ರು ಮದ್ವೆ ಆದಾಗಿಂದ ಅದ್ನೇ ಯೋಳ್ತವ್ರೆ. ಐತೆ ಅಂತ ತೋರ್ಸಕ್ಕೇ ಪಟ ಬೇಕಾಗಿರೋದು."

ಭಾಷಣದ ಫಲ

ಕುಣಿಗಲ್ಲಿನಲ್ಲಿ ಶಾಲೆಯ ಹೆಡ್‌ಮಾಸ್ತರರು ಆರೋಗ್ಯದ ಬಗ್ಗೆ ಊರಿನವರಿಗೆ ನಾಲ್ಕು ಮಾತು ಹೇಳಿ ಅಂದರು. ನಾನು ಹುರುಪಿನಿಂದ ಮಾತಾಡಿದೆ. ಸುಸ್ತೆಲ್ಲ ಕಾಯಿಲೆಯಲ್ಲ, ವಯಸ್ಸಾದಮೇಲೆ ಮಂಡಿ ನೋಯುವುದು ಸಹಜ, ಸುಮ್ಮಸುಮ್ಮನೆ ಪರೀಕ್ಷೆ ಮಾಡಿಸಿಕೊಂಡು ಇಲ್ಲದ ಕಾಯಿಲೆ ಹಚ್ಚಿಕೊಳ್ಳಬೇಡಿ ಅಂತ ಬಿಡಿಸಿ ಹೇಳಿದೆ. ಜೋರು ಚಪ್ಪಾಳೆ ಬಿತ್ತು. ಗೆದ್ದೆ ಅಂದುಕೊಂಡು ಕೆಳಗಿಳಿದರೆ, ಇಡೀ ಸಭೆ ನನ್ನ ಮುಂದೆ ಸಾಲಾಗಿ ನಿಂತಿತ್ತು.

ಮುಂದಿದ್ದ ತಾತ ಕೈ ಚಾಚಿ ಹೇಳಿದರು: "ನೀವು ಯೋಳಿದ್ದು ಸರಿಯಾಗೈತೆ ಬುಡಿ. ನನಗೇನೂ ಇಲ್ಲ ಅಂತ ಒಂದ್ಸಾರಿ ನಾಡಿ ನೋಡಿ ಯೋಳ್ಬುಡಿ, ಹೊಂಟೋಯ್ತೀನಿ."

ಗುಮಾಸ್ತರ ಎದೆ

ತುಮಕೂರಿನಲ್ಲಿ ನಾನಿದ್ದಾಗ ರಿಟೈರಾದ ಗುಮಾಸ್ತರೊಬ್ಬರು ಬಟವಾಡಿ ಬಡಾವಣೆಯಿಂದ ಜಟಕಾದಲ್ಲಿ ಬಂದರು. ಹೆಂಡತಿ ಕೈಹಿಡಿದು ಇಳಿಸಿದರು. ಬಹಳ ವರ್ಷಗಳ ಹಿಂದೆ ಯಾರೋ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು, "ಏನೋ ಸದ್ದು ಬರ್ತಿದೆಯಲ್ಲ, ಹುಷಾರಾಗಿರಿ" ಅಂದಿದ್ದರಂತೆ. ಅಷ್ಟೇ. ಅವತ್ತಿನಿಂದ ಗುಮಾಸ್ತರು ಮೆಟ್ಟಿಲು ಹತ್ತಿಲ್ಲ, ಮೊಮ್ಮಗಳನ್ನು ಎತ್ತಿಕೊಂಡಿಲ್ಲ.

ನಾನು ನಿಧಾನವಾಗಿ ಪರೀಕ್ಷೆ ಮಾಡಿದೆ. ನಡೆಸಿದೆ, ಮೆಟ್ಟಿಲು ಹತ್ತಿಸಿದೆ, ಮತ್ತೆ ಕೊಳವೆ ಇಟ್ಟು ಕೇಳಿದೆ. ಎದೆ ಸೊಗಸಾಗಿ ಹೊಡೆದುಕೊಳ್ಳುತ್ತಿತ್ತು.

"ನಿಮ್ಮ ಎದೆ ಚೆನ್ನಾಗಿದೆ. ಆ ಸದ್ದಿನಿಂದ ಏನೂ ತೊಂದರೆಯಿಲ್ಲ. ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಾಡಿ" ಎಂದೆ.

ಗುಮಾಸ್ತರು ಅಂಗಿಯ ಗುಂಡಿ ಹಾಕಿಕೊಂಡರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ ಡಾಕ್ಟ್ರೇ. ಇವರ ಎದೆ ನಿಂತುಹೋದ್ರೆ ಅಂತ ಒಂದು ದಿನ ದನಿ ಎತ್ತಿ ಮಾತಾಡಿಲ್ಲ."

"ಇನ್ನು ಆ ಭಯ ಬೇಡಮ್ಮ."

"ಜಗಳ ಆಡಿದರೂ ಏನೂ ಆಗಲ್ವಾ?"

"ಏನೂ ಆಗಲ್ಲ."

ಆಕೆ ಮೂಗೊರೆಸಿಕೊಂಡು, ಕುರ್ಚಿ ಎಳೆದು ಗಂಡನ ಎದುರಿಗೆ ಕೂತರು. "ಹಾಗಾದ್ರೆ ಈಗ ಹೇಳಿ. ನಮ್ಮಣ್ಣನ ಮಗಳ ಮದುವೇಲಿ, ಅಷ್ಟು ಜನರ ಮುಂದೆ, ಅಡುಗೆ ಚೆನ್ನಾಗಿಲ್ಲ ಅಂತ ಯಾಕೆ ಅಂದ್ರಿ?"

ಗುಮಾಸ್ತರು ಮೆಲ್ಲಗೆ ನನ್ನ ಕಡೆ ತಿರುಗಿ, ಅಂಗಿಯ ಗುಂಡಿ ಮತ್ತೆ ಬಿಚ್ಚತೊಡಗಿದರು.

"ಡಾಕ್ಟ್ರೇ, ಇನ್ನೊಂದ್ಸಲ ಸರಿಯಾಗಿ ಕೇಳಿ ನೋಡಿ."